ಓದುಗರ ಪ್ರಶ್ನೆ, ನಮ್ಮ ಉತ್ತರ: ಬೇಸಿಗೆ ರಜೆಯಲ್ಲಿ ಕಡಲ ತೀರಕ್ಕೆ ಹೊರಟವರಿಗೆ

ರಜೆ ಶುರುವಾದ ಮೇಲೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕರಾವಳಿಯ ಬೀಚುಗಳಲ್ಲಿ ಒಂದು ದಿನ ಕಳೆಯುವುದರ ಬಗ್ಗೆಯೇ ಇವೆ. ಘಟ್ಟದ ಮೇಲಿನ ಊರುಗಳಿಂದ ಬಂದ ಪ್ರಶ್ನೆಗಳೇ ಜಾಸ್ತಿ. ಒಂದೇ ವಿಷಯ ಕೇಳಿದವರನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ. ಕಡಲಿನ ಸೆಳೆತದ ಬಗೆಗಿನ ಉತ್ತರವನ್ನು ಬೇಕೆಂದೇ ಉದ್ದ ಮಾಡಿದ್ದೇವೆ. ಉಳಿದದ್ದನ್ನು ಬಿಟ್ಟರೂ ಅದನ್ನು ಮಾತ್ರ ಮನೆಯವರೆಲ್ಲ ಓದಿ ಹೊರಡಿ.

ಪ್ರಶ್ನೆ: ಇಬ್ಬರು ಮಕ್ಕಳು, ವಯಸ್ಸಾದ ಅತ್ತೆ ಜೊತೆ ಹೋಗುತ್ತಿದ್ದೇವೆ. ಯಾವ ಬೀಚ್ ಒಳ್ಳೆಯದು? ‘ಬ್ಲೂ ಫ್ಲ್ಯಾಗ್’ ಅಂದರೆ ಅಲ್ಲಿ ಅಪಾಯವಿಲ್ಲ ಅಂತ ಅರ್ಥವೇ? (ದಾವಣಗೆರೆ)

ಉತ್ತರ: ನಿಮ್ಮಂಥ ಕುಟುಂಬಕ್ಕೆ ಪಡುಬಿದ್ರಿ ಅಥವಾ ಹೊನ್ನಾವರದ ಪಕ್ಕದ ಕಾಸರಕೋಡು ಸರಿ. 2020ರ ಅಕ್ಟೋಬರಿನಲ್ಲಿ ದೇಶದ ಎಂಟು ಬೀಚುಗಳಿಗೆ ಮೊದಲ ಬಾರಿ ಬ್ಲೂ ಫ್ಲ್ಯಾಗ್ ಎಂಬ ಮಾನ್ಯತೆ ಸಿಕ್ಕಿತು, ಅವುಗಳಲ್ಲಿ ಎರಡು ನಮ್ಮವು. ಇದನ್ನು ಕೊಡುವುದು ಡೆನ್ಮಾರ್ಕಿನ ಫೌಂಡೇಶನ್ ಫಾರ್ ಎನ್ವಿರಾನ್‌ಮೆಂಟಲ್ ಎಜುಕೇಶನ್ ಸಂಸ್ಥೆ. ನೀರಿನ ಗುಣಮಟ್ಟ, ಸ್ವಚ್ಛತೆ, ಸುರಕ್ಷತೆ, ಪರಿಸರದ ತಿಳಿವಳಿಕೆ ಹೀಗೆ 33 ಮಾನದಂಡಗಳಿವೆ. ಒಮ್ಮೆ ಕೊಟ್ಟರೆ ಮುಗಿಯಿತು ಎಂದಲ್ಲ, ಅವಧಿಗೊಮ್ಮೆ ಹೊಸದಾಗಿ ಪಡೆಯಬೇಕು.

ನಿಮಗೆ ಇದರಿಂದ ಆಗುವ ಉಪಯೋಗ ಇಷ್ಟು: ಶೌಚಾಲಯ, ಸಿಹಿನೀರಿನ ಸ್ನಾನ, ಬಟ್ಟೆ ಬದಲಿಸುವ ಕೋಣೆ, ಜೀವರಕ್ಷಕರು, ಈಜಲು ಗುರುತು ಮಾಡಿದ ಜಾಗ. ಅತ್ತೆಗೆ ಇವು ದೊಡ್ಡ ಅನುಕೂಲ. ಆದರೆ ಅಪಾಯ ಇಲ್ಲವೆಂದು ಆ ಬಾವುಟ ಹೇಳುವುದಿಲ್ಲ. ಗುರುತು ಮಾಡಿದ ಜಾಗ ದಾಟಿದರೆ ಅಲ್ಲಿರುವುದೂ ಅದೇ ಅರಬ್ಬೀ ಸಮುದ್ರ.

ತಿಂಡಿ ಗಾಡಿ, ದೋಣಿ, ಗದ್ದಲ, ಜನ ಬೇಕೆನ್ನುವವರಿಗೆ ಪಣಂಬೂರು ಮತ್ತು ಮಲ್ಪೆ. ನೆರಳು ಬೇಕಾದರೆ ಟ್ರೀ ಪಾರ್ಕ್ ಇರುವ ತಣ್ಣೀರುಬಾವಿ. ಬಂಡೆಗಳ ಸೋಮೇಶ್ವರ ನೋಡಲು ಚೆಂದ, ಮಕ್ಕಳನ್ನು ನೀರಿಗಿಳಿಸಲು ಅಲ್ಲ. ಪಾಚಿ ಕಟ್ಟಿದ ಬಂಡೆ ಒದ್ದೆಯಾದಾಗ ಚಪ್ಪಲಿ ಇದ್ದರೂ ಕಾಲು ನಿಲ್ಲದು. ಫೋಟೊಗೆಂದು ಬಂಡೆ ತುದಿಯಲ್ಲಿ ನಿಂತವರನ್ನು ಒಂದೇ ಒಂದು ದೊಡ್ಡ ಅಲೆ ಎಳೆದುಕೊಂಡು ಹೋಗಬಲ್ಲದು.

ಪ್ರಶ್ನೆ: ಬೆಳಿಗ್ಗೆ 11ಕ್ಕೆ ತಲುಪಿ ಸಂಜೆ ಸೂರ್ಯ ಮುಳುಗುವವರೆಗೆ ಬೀಚಿನಲ್ಲೇ ಇರುವ ಯೋಜನೆ. ದೊಡ್ಡ ಛತ್ರಿ ಒಯ್ಯುತ್ತೇವೆ, ಸಾಕೇ? (ಹುಬ್ಬಳ್ಳಿ)

ಉತ್ತರ: ಸಾಲದು. ದಿನದ ಅತಿ ಕೆಟ್ಟ ಮೂರೂವರೆ ಗಂಟೆಯನ್ನು ನೀವು ಸರಿಯಾಗಿ ಆರಿಸಿಕೊಂಡಿದ್ದೀರಿ! ಏಪ್ರಿಲ್ 24ರ ಸುಮಾರಿಗೆ ಮಂಗಳೂರಿನಲ್ಲಿ ಸೂರ್ಯ ಮಧ್ಯಾಹ್ನ ನೇರ ನೆತ್ತಿಯ ಮೇಲೆ ಬರುತ್ತಾನೆ, ಕಾರವಾರದಲ್ಲಿ ಒಂದು ವಾರ ತಡವಾಗಿ. ನಮ್ಮ ಗಡಿಯಾರದ ಹೊತ್ತು ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶದ ಲೆಕ್ಕದ್ದು. ಹಾಗಾಗಿ ಕರಾವಳಿಯಲ್ಲಿ ನಿಜವಾದ ನಡು ಮಧ್ಯಾಹ್ನ 12ಕ್ಕಲ್ಲ, ಹೆಚ್ಚುಕಡಿಮೆ 12.30ಕ್ಕೆ. 11ರಿಂದ 2.30ರವರೆಗೆ ಬಿಸಿಲು ಚುರುಕು. ಛತ್ರಿ ನೇರ ಬಿಸಿಲು ತಡೆಯುತ್ತದೆ ನಿಜ, ಆದರೆ ಆಕಾಶದಿಂದ ಚದುರಿ ಬರುವ ಅತಿನೇರಳೆ ಕಿರಣ ಪಕ್ಕದಿಂದ ಒಳಗೆ ಬರುತ್ತದೆ. ಒಣ ಮರಳು ಸುಮಾರು ಶೇ 15ರಷ್ಟನ್ನು, ಅಲೆಯ ನೊರೆ ಶೇ 25ರಷ್ಟನ್ನು ತಿರುಗಿಸಿ ಮೈಮೇಲೆ ಎಸೆಯುತ್ತವೆ.

ಇನ್ನೊಂದು, ಹುಬ್ಬಳ್ಳಿಯ 38 ಡಿಗ್ರಿ ತಡೆದುಕೊಂಡವರಿಗೆ ಕರಾವಳಿಯ 34 ಏನು ಮಹಾ ಅನ್ನಿಸುತ್ತದೆ. ಅಲ್ಲೇ ಮೋಸ. ಇಲ್ಲಿ ಗಾಳಿಯಲ್ಲಿ ಪಸೆ ಜಾಸ್ತಿ, ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ.

ಹೀಗೆ ಮಾಡಿ: ಹಿಂದಿನ ರಾತ್ರಿಯೇ ಬಂದು ಉಳಿದುಕೊಳ್ಳಿ. ಬೆಳಿಗ್ಗೆ 6.30ಕ್ಕೆ ತೀರದಲ್ಲಿರಿ, ಜೀವರಕ್ಷಕರು ಕೆಲಸಕ್ಕೆ ಬಂದ ಮೇಲಷ್ಟೇ ನೀರಿಗಿಳಿಯಿರಿ, 10ಕ್ಕೆ ಎದ್ದುಬಿಡಿ. ಸ್ನಾನ, ಊಟ, ನಿದ್ದೆ. ಮತ್ತೆ 4ಕ್ಕೆ ಬನ್ನಿ. ಶನಿವಾರ, ಭಾನುವಾರ ಸಂಜೆ 5ರಿಂದ 7ರವರೆಗೆ ಕಾರು ನಿಲ್ಲಿಸಲು ಜಾಗ ಸಿಗದು, ಜನಜಂಗುಳಿಯಲ್ಲಿ ಮಕ್ಕಳು ಕೈತಪ್ಪುವುದೂ ಆಗಲೇ. ಸಾಧ್ಯವಾದರೆ ವಾರದ ನಡುವಿನ ದಿನ ಆರಿಸಿಕೊಳ್ಳಿ. ಸೂರ್ಯ ಮುಳುಗಿದ ಮೇಲೆ ನೀರಿಗಿಳಿಯುವುದು ಬೇಡವೇ ಬೇಡ, ಮುಳುಗುತ್ತಿರುವವರು ಯಾರ ಕಣ್ಣಿಗೂ ಬೀಳುವುದಿಲ್ಲ.

ಪ್ರಶ್ನೆ: ಮಗ ಊರ ಕೆರೆಯಲ್ಲಿ ಚೆನ್ನಾಗಿ ಈಜುತ್ತಾನೆ. ಸಮುದ್ರದಲ್ಲಿ ಈಜು ಬಲ್ಲವರೂ ಮುಳುಗುತ್ತಾರಂತೆ, ಯಾಕೆ? (ಚಿತ್ರದುರ್ಗ, ತುಮಕೂರು, ಗದಗದಿಂದಲೂ)

ಉತ್ತರ: ಬಹುಪಾಲು ಸೆಳೆತದಿಂದ. ಅಲೆಗಳು ಒಂದರ ಹಿಂದೊಂದು ನೀರನ್ನು ದಡಕ್ಕೆ ತಂದು ಹಾಕುತ್ತಲೇ ಇರುತ್ತವೆ. ಆ ನೀರು ವಾಪಸು ಹೋಗಬೇಕಲ್ಲ. ದಡದಿಂದ ಸ್ವಲ್ಪ ದೂರದಲ್ಲಿ ನೀರಿನ ಅಡಿ ಮರಳಿನ ದಿಣ್ಣೆ ಇರುತ್ತದೆ. ಅದರಲ್ಲಿ ಎಲ್ಲಿ ಸಂದು ಇದೆಯೋ ಅಲ್ಲಿಂದ ನೀರೆಲ್ಲ ಒಟ್ಟಾಗಿ ಹೊರಕ್ಕೆ ನುಗ್ಗುತ್ತದೆ. ಜೋರಾದಾಗ ಅದರ ವೇಗ ಸೆಕೆಂಡಿಗೆ 2 ಮೀಟರ್ ಮುಟ್ಟುತ್ತದೆ. ಒಲಿಂಪಿಕ್ಸಿನ ಈಜುಗಾರ ಪೂರ್ತಿ ಬಲ ಹಾಕಿದರೂ ಅಷ್ಟೇ ವೇಗ. ಕೆರೆಯಲ್ಲಿ ಕಲಿತ ಹುಡುಗ ಅದಕ್ಕೆ ಎದುರಾಗಿ ಈಜಿದರೆ ಐದು ನಿಮಿಷದಲ್ಲಿ ಕೈ ಸೋಲುತ್ತದೆ.

ಗುರುತಿಸುವುದು ಹೇಗೆ? ಬಂದವರೇ ನೀರಿಗೆ ಓಡಬೇಡಿ. ಸ್ವಲ್ಪ ಎತ್ತರದಲ್ಲಿ ನಿಂತು ಹತ್ತು ನಿಮಿಷ ನೋಡಿ. ಅಲೆಗಳು ಗುಂಪು ಗುಂಪಾಗಿ ಬರುತ್ತವೆ, ನಡುವೆ ಬಿಡುವಿರುತ್ತದೆ. ಎರಡು ನಿಮಿಷ ನೋಡಿದರೆ ಆ ಬಿಡುವನ್ನೇ ಕಂಡು ಕಡಲು ಶಾಂತವಾಗಿದೆ ಅಂದುಕೊಳ್ಳುತ್ತೀರಿ. ಎಡಕ್ಕೂ ಬಲಕ್ಕೂ ಅಲೆ ಬಿಳಿ ನೊರೆಯಾಗಿ ಒಡೆಯುತ್ತಿದ್ದು, ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಒಡೆಯುತ್ತಿಲ್ಲವಾದರೆ ಅದೇ ಸೆಳೆತದ ದಾರಿ. ಅಲ್ಲಿ ಆಳ ಹೆಚ್ಚು, ಅದಕ್ಕೇ ಅಲೆ ಒಡೆಯದು. ನೀರು ಗಾಢ ಬಣ್ಣದ್ದಾಗಿ ಕಾಣುತ್ತದೆ, ಅಥವಾ ಮರಳು ಕದಡಿ ಕಂದಾಗಿರುತ್ತದೆ. ನೊರೆ, ಕಸ, ತೆಂಗಿನ ಸಿಪ್ಪೆ ಹೊರಮುಖವಾಗಿ ತೇಲುತ್ತಿರುತ್ತವೆ. ಹೊಸಬರ ಕಣ್ಣಿಗೆ ಆ ಪಟ್ಟಿಯೇ ಇಡೀ ತೀರದಲ್ಲಿ ತಣ್ಣಗಿರುವ ಜಾಗ. ‘ಇಲ್ಲಿ ಅಲೆಯೇ ಇಲ್ಲ, ಮಕ್ಕಳಿಗೆ ಒಳ್ಳೆಯದು’ ಎಂದು ನೇರ ಅಲ್ಲಿಗೇ ಇಳಿಯುತ್ತಾರೆ. ಎಷ್ಟೋ ಮನೆಗಳ ದುಃಖ ಇದೊಂದು ತಪ್ಪು ಲೆಕ್ಕದಿಂದ ಆದದ್ದು.

ಸಿಕ್ಕಿಬಿದ್ದರೆ ಮೊದಲು ತಿಳಿದಿರಬೇಕಾದದ್ದು, ಸೆಳೆತ ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಜನ ಮುಳುಗುವುದು ದಣಿದು, ಗಾಬರಿಯಾಗಿ. ದಡದ ಕಡೆಗೆ ಈಜಬೇಡಿ. ಅಂಗಾತ ಮಲಗಿ ತೇಲಿ, ಉಸಿರು ಹದಕ್ಕೆ ತಂದುಕೊಳ್ಳಿ, ಒಂದು ಕೈ ಎತ್ತಿ ಬೀಸಿ. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ, ಅಂದರೆ ಎಡಕ್ಕೋ ಬಲಕ್ಕೋ, 30–40 ಮೀಟರ್ ಈಜಿ. ಅಲೆ ಒಡೆಯುವ ಜಾಗ ಸಿಕ್ಕ ಕೂಡಲೇ ಅಲೆಯ ಜೊತೆ ಓರೆಯಾಗಿ ದಡಕ್ಕೆ ಬನ್ನಿ. ಒಂದು ಬದಿಗೆ ಈಜುವುದು ಕಷ್ಟವಾದರೆ ಇನ್ನೊಂದು ಬದಿ ಪ್ರಯತ್ನಿಸಿ. ಈಜು ಬಾರದವರು ತೇಲುವುದನ್ನಷ್ಟೇ ಮಾಡಿ.

ದಡದಲ್ಲಿ ಇದ್ದವರು ಹಿಂದೆಯೇ ಹಾರುವುದು ಎರಡನೇ ಸಾವಿಗೆ ದಾರಿ. ಒಬ್ಬರು ಜೀವರಕ್ಷಕರನ್ನು ಕೂಗಿ, ಒಬ್ಬರು 112ಕ್ಕೆ ಕರೆಮಾಡಿ, ಒಬ್ಬರು ಮುಳುಗುತ್ತಿರುವವರ ಮೇಲೆ ಕಣ್ಣಿಟ್ಟು ಬೆರಳು ತೋರುತ್ತಲೇ ನಿಲ್ಲಿ. ತೇಲುವುದು ಏನಿದೆಯೋ ಎಸೆಯಿರಿ: ಮುಚ್ಚಳ ಬಿಗಿದ ಖಾಲಿ 2 ಲೀಟರ್ ಬಾಟಲಿಗಳು, ಐಸ್ ಬಾಕ್ಸ್, ಚೆಂಡು. ಹತ್ತಿರದಲ್ಲಿದ್ದರೆ ಸೀರೆಯ ತುದಿಗೆ ಗಂಟು ಹಾಕಿ ಎಸೆದು, ನೀವು ಒಣ ಮರಳಿನಲ್ಲಿ ಮಲಗಿಕೊಂಡು ಎಳೆಯಿರಿ. ನಿಂತು ಎಳೆದರೆ ನೀವೂ ಒಳಗೆ ಹೋಗುತ್ತೀರಿ. ಕೋಸ್ಟ್ ಗಾರ್ಡ್‌ನ ಸಹಾಯವಾಣಿ 1554.

ಇದಕ್ಕೆ ಸೇರಿದ್ದೇ ಇನ್ನೊಂದು ಮಾತು. ಅಳಿವೆ ಬಾಗಿಲ ಹತ್ತಿರ, ಅಂದರೆ ನದಿ ಕಡಲು ಸೇರುವಲ್ಲಿ, ಯಾವ ಹೊತ್ತಿನಲ್ಲೂ ಇಳಿಯಬೇಡಿ. ಇಳಿತದ ಹೊತ್ತಿನಲ್ಲಿ ನದಿಯ ನೀರು, ಉಬ್ಬರದಲ್ಲಿ ಒಳಹೊಕ್ಕಿದ್ದ ಕಡಲ ನೀರು ಎರಡೂ ಸೇರಿ ಹೊರಗೆ ಹರಿಯುತ್ತವೆ. ತಣ್ಣೀರುಬಾವಿಯಿಂದ ದಕ್ಷಿಣಕ್ಕೆ ಬೆಂಗ್ರೆಯ ತುದಿ, ಮಲ್ಪೆಯಿಂದ ಉತ್ತರಕ್ಕೆ ಕೋಡಿ ಬೆಂಗ್ರೆ, ಕಾಸರಕೋಡಿನ ಬಳಿ ಶರಾವತಿ ಅಳಿವೆ ಇಂಥವು. ನೋಡಲು ಅಪರೂಪದ ಜಾಗಗಳು, ನೋಡಿಯೇ ಬನ್ನಿ.

ಪ್ರಶ್ನೆ: ಬಿಸಿಲು ಹೊಳೆಯುತ್ತಿತ್ತು, ಗಾಳಿಯೂ ಇರಲಿಲ್ಲ. ಆದರೂ ಕೆಂಪು ಬಾವುಟ ಹಾಕಿ ನಮ್ಮನ್ನು ನೀರಿಗೆ ಬಿಡಲಿಲ್ಲ. ಇದು ಸರಿಯೇ? (ಬೆಂಗಳೂರು)

ಉತ್ತರ: ಸರಿ. ಏಪ್ರಿಲ್, ಮೇ ತಿಂಗಳಲ್ಲಿ ಹೀಗಾಗುವುದು ಉಂಟು. ಸಾವಿರಾರು ಕಿಲೋಮೀಟರ್ ಆಚೆ, ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ ಎದ್ದ ಬಿರುಗಾಳಿಯ ಅಲೆ ಕೆಲವು ದಿನ ಪ್ರಯಾಣ ಮಾಡಿ ನಮ್ಮ ತೀರ ಮುಟ್ಟುತ್ತದೆ. ಇಲ್ಲಿ ಎಲೆಯೂ ಅಲುಗದಿದ್ದರೂ ಕಡಲು ಉಕ್ಕಿ ಮೇಲೆ ಬರುತ್ತದೆ. ಕೇರಳದ ಮೀನುಗಾರರು ಇದನ್ನು ‘ಕಳ್ಳಕಡಲ್’ ಅನ್ನುತ್ತಾರೆ. ಕಡಲಿನ ಸ್ಥಿತಿಗತಿಯ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕೋಯಿಸ್ ಸಂಸ್ಥೆ ಮುನ್ನೆಚ್ಚರಿಕೆ ಕೊಡುತ್ತದೆ. ಹೊರಡುವ ಹಿಂದಿನ ದಿನ ಆ ಸಂಸ್ಥೆಯ ವೆಬ್‌ಸೈಟ್ ನೋಡಿ.

ಬಾವುಟಗಳ ಲೆಕ್ಕ ಹೀಗೆ: ಅರ್ಧ ಕೆಂಪು ಅರ್ಧ ಹಳದಿಯ ಎರಡು ಬಾವುಟಗಳ ನಡುವೆ ಜೀವರಕ್ಷಕರ ಕಾವಲಿದೆ, ಅಲ್ಲಿ ಮಾತ್ರ ಇಳಿಯಿರಿ. ಬರೀ ಹಳದಿ ಇದ್ದರೆ ಎಚ್ಚರಿಕೆ, ಈಜು ಬಾರದವರು ದೂರವಿರಿ. ಕೆಂಪು ಇದ್ದರೆ ಇಳಿಯುವಂತಿಲ್ಲ. ನೇರಳೆ ಬಣ್ಣದ್ದು ಜೆಲ್ಲಿಫಿಶ್‌ನಂಥವು ಬಂದಿವೆ ಎಂದು. ಬಾವುಟವೇ ಇಲ್ಲದ ತೀರದಲ್ಲಿ ಕಾವಲೂ ಇಲ್ಲವೆಂದು ತಿಳಿಯಿರಿ. ಮೇ ಕೊನೆಯಿಂದ ಕಡಲು ಒರಟಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿರುತ್ತದೆ, ಆಗ ನೀರಾಟದ ಯೋಚನೆಯೂ ಬೇಡ.

ಪ್ರಶ್ನೆ: ಹೆಂಗಸರು ಸೀರೆ, ಚೂಡಿದಾರದಲ್ಲೇ ನೀರಿಗಿಳಿಯಬಹುದೇ? ಮಕ್ಕಳಿಗೆ ಗಾಳಿ ತುಂಬಿದ ಟ್ಯೂಬ್ ಕೊಡಿಸೋಣ ಅಂತ ಇದ್ದೇವೆ. (ಶಿವಮೊಗ್ಗ)

ಉತ್ತರ: ಕಾಲು ಒದ್ದೆ ಮಾಡಿಕೊಳ್ಳಲು ಸೀರೆ ಸಾಕು. ಮೊಣಕಾಲಿಗಿಂತ ಮೇಲಿನ ನೀರಿಗೆ ಬೇಡ. ಹತ್ತಿ ಸೀರೆ ನೀರು ಹೀರಿ ಭಾರವಾಗುತ್ತದೆ. ಅಲೆ ಹಿಂದೆ ಸರಿಯುವಾಗ ನೆರಿಗೆ ಎರಡೂ ಕಾಲಿಗೆ ಸುತ್ತಿಕೊಳ್ಳುತ್ತದೆ, ಅದೇ ಗಳಿಗೆಗೆ ಕಾಲಡಿಯ ಮರಳೂ ಜಾರುತ್ತದೆ. ಬಿದ್ದವರಿಗೆ ಮುಂದಿನ ಅಲೆಯೊಳಗೆ ಏಳಲಾಗುವುದಿಲ್ಲ. ದುಪಟ್ಟಾ ದಡದಲ್ಲಿ ಬಿಟ್ಟು ಹೋಗಿ. ಜೀನ್ಸ್ ಗಂಡಸರಿಗೂ ಬೇಡ. ಪಾಲಿಯೆಸ್ಟರ್ ಟೀಶರ್ಟ್, ಮೊಣಕಾಲವರೆಗಿನ ಪ್ಯಾಂಟು ಅಥವಾ ಲೆಗ್ಗಿಂಗ್ಸ್ ಒಳ್ಳೆಯದು. ಮಕ್ಕಳಿಗೆ ಕಿತ್ತಳೆ, ಕಡು ಗುಲಾಬಿ ಹಾಕಿ. ನೀಲಿ, ಬಿಳಿ, ಬೂದು ಬಣ್ಣ ನೀರಿನಲ್ಲಿ ಕಾಣಿಸುವುದೇ ಇಲ್ಲ.

ಟ್ಯೂಬ್ ಕೊಳದ ಆಟಿಕೆ. ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಹಗುರ ಟ್ಯೂಬನ್ನು ಮಗುವಿನ ಸಮೇತ ಹೊರಗೆ ತಳ್ಳುತ್ತದೆ. ಮಧ್ಯಾಹ್ನದ ಮೇಲೆ ಗಾಳಿ ತಿರುಗಿದಾಗ ಅಲೆಗೆ ಮಗುಚುತ್ತದೆ. ಹತ್ತು ವರ್ಷದೊಳಗಿನ ಮಕ್ಕಳು ಕೈಗೆಟಕುವ ದೂರದಲ್ಲಿರಲಿ. ದೊಡ್ಡವರಲ್ಲಿ ಸರದಿ ಹಾಕಿಕೊಳ್ಳಿ, 20 ನಿಮಿಷಕ್ಕೊಬ್ಬರು, ಫೋನ್ ಮುಟ್ಟದೆ ನೀರನ್ನೇ ನೋಡುತ್ತಿರಬೇಕು. ಮುಳುಗುವ ಮಗು ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ, ತಲೆ ಹಿಂದಕ್ಕೆ, ಸದ್ದಿಲ್ಲದೆ ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ.

ಪ್ರಶ್ನೆ: ಸನ್‌ಸ್ಕ್ರೀನ್ ಹಚ್ಚಿದ್ದರೂ ಹೋದ ವರ್ಷ ಹೆಗಲು, ಮೂಗು ಸುಟ್ಟು ಸಿಪ್ಪೆ ಎದ್ದಿತು. ಇನ್ನೂ ದುಬಾರಿಯದು ಕೊಳ್ಳಬೇಕೆ? (ಮೈಸೂರು)

ಉತ್ತರ: ಬೇಡ. ಎಸ್‌ಪಿಎಫ್ (ಸುಡುವ ಬಿಸಿಲನ್ನು ತಡೆಯುವ ಪ್ರಮಾಣದ ಅಂಕಿ) 30 ಶೇ 97ರಷ್ಟು, 50 ಶೇ 98ರಷ್ಟು ಸುಡುವ ಕಿರಣ ತಡೆಯುತ್ತವೆ, ಅಂತರ ಅಷ್ಟೇ. ಎಡವಟ್ಟಾಗುವುದು ಪ್ರಮಾಣದಲ್ಲಿ. ಇಡೀ ಮೈಗೆ ಒಬ್ಬರಿಗೆ ಸುಮಾರು 30 ಮಿಲಿ ಬೇಕು. ಮುಖ, ಕುತ್ತಿಗೆ, ತೋಳು, ಮೊಣಕಾಲ ಕೆಳಗೆ ಮಾತ್ರವಾದರೆ ಅದರ ಅರ್ಧ. ನಾಲ್ಕು ಜನಕ್ಕೆ 50 ಮಿಲಿ ಟ್ಯೂಬ್ ಒಂದೇ ಸಲಕ್ಕೂ ಸಾಲದು, ನಾವು ಅದನ್ನೇ ಇಡೀ ರಜೆಗೆ ಹಂಚುತ್ತೇವೆ. ಬಿಸಿಲಿಗೆ ಹೋಗುವ 20 ನಿಮಿಷ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತು ನೀರಿನಿಂದ ಎದ್ದು ಮೈ ಒರೆಸಿಕೊಂಡಾಗಲೆಲ್ಲ ಮತ್ತೆ ಹಚ್ಚಿ. ಕಿವಿಯ ಮೇಲ್ತುದಿ, ಬೈತಲೆ, ಪಾದದ ಮೇಲ್ಭಾಗ ಎಲ್ಲರೂ ಮರೆಯುವ ಜಾಗಗಳು. ಆರು ತಿಂಗಳೊಳಗಿನ ಕೂಸಿಗೆ ಇದನ್ನು ಹಚ್ಚದೆ ನೆರಳಿನಲ್ಲೇ ಇಡಿ. ನಿಜ ಹೇಳಬೇಕೆಂದರೆ ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ ಯಾವ ಕ್ರೀಮಿಗಿಂತಲೂ ಮೇಲು.

ಪ್ರಶ್ನೆ: ಕುಡಿಯಲು, ತಿನ್ನಲು ಏನು ಒಯ್ಯಬೇಕು? ಬರೀ ಬೊಂಡ (ಎಳನೀರು) ಕುಡಿದರೆ ಸಾಕಲ್ಲವೇ? (ಹಾಸನ)

ಉತ್ತರ: ಬೊಂಡದಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಉಪ್ಪು. ಹಾಗಾಗಿ ಬೊಂಡದ ಜೊತೆ ಉಪ್ಪು ಹಾಕಿದ ನೀರು ಮಜ್ಜಿಗೆ, ಚಿಟಿಕೆ ಉಪ್ಪಿನ ಪುನರ್ಪುಳಿ (ಕೋಕಂ) ಶರಬತ್ತು ಇರಲಿ. ಬಿಸಿಲಲ್ಲಿ ಆಡುವ ದೊಡ್ಡವರಿಗೆ ಗಂಟೆಗೆ ಅರ್ಧ ಲೀಟರ್ ಲೆಕ್ಕ ಹಿಡಿಯಿರಿ. ಓಆರ್‌ಎಸ್ ಪೊಟ್ಟಣ ಎರಡು ಇಟ್ಟುಕೊಳ್ಳಿ, ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರಿಗೇ ಕರಗಿಸಿ. ಲೋಟಕ್ಕೆ ಸ್ವಲ್ಪ ಸ್ವಲ್ಪ ಹಾಕಿದರೆ ಹದ ಕೆಡುತ್ತದೆ. ಪೊಟ್ಟಣ ಇಲ್ಲದಿದ್ದರೆ ಲೀಟರಿಗೆ ಮಟ್ಟಸ 6 ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಕಾಯಿ ಚಟ್ನಿ, ಮೊಸರನ್ನ ಆ ಶೆಕೆಗೆ ಬೇಗ ಹಳಸುತ್ತವೆ. ಪುಳಿಯೋಗರೆ, ಚಪಾತಿ ಜೊತೆ ಚಟ್ನಿಪುಡಿ, ಕಲ್ಲಂಗಡಿ ವಾಸಿ. ಗೋಳಿಬಜೆ, ಚುರುಮುರಿ ಅಲ್ಲೇ ಸಿಗುತ್ತವೆ, ಬಿಸಿ ಇರುವುದನ್ನು ತಿನ್ನಿ.

ಯಾರಾದರೂ ತಲೆಸುತ್ತು, ವಾಂತಿ ಎಂದರೆ ನೆರಳಿಗೆ ತನ್ನಿ. ಮಾತು ತೊದಲಿದರೆ, ಗಲಿಬಿಲಿಯಾದರೆ ಅದು ಬಿಸಿಲಾಘಾತ. ಬಾಯಿಗೆ ಏನೂ ಹಾಕದೆ ಮೈಗೆಲ್ಲ ನೀರು ಸುರಿದು ಗಾಳಿ ಬೀಸಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಇಡಿ, 108ಕ್ಕೆ ಕರೆಮಾಡಿ.

ಪ್ರಶ್ನೆ: ತಂದೆಗೆ 20 ವರ್ಷದಿಂದ ಸಕ್ಕರೆ ಕಾಯಿಲೆ, ಗಾಲಿಕುರ್ಚಿ ಬಳಸುತ್ತಾರೆ. ಸಮುದ್ರ ತೋರಿಸುವ ಆಸೆ. (ಬಳ್ಳಾರಿ)

ಉತ್ತರ: ಖಂಡಿತ ಕರೆದುಕೊಂಡು ಹೋಗಿ. ರ‍್ಯಾಂಪ್ ಇರುವ ಬೀಚ್ ಆರಿಸಿಕೊಳ್ಳಿ, ಬ್ಲೂ ಫ್ಲ್ಯಾಗ್ ತೀರಗಳಲ್ಲಿ ವಿಚಾರಿಸಿ. ಒಣ ಮರಳಿನಲ್ಲಿ ಕುರ್ಚಿಯ ಮುಂದಿನ ಸಣ್ಣ ಗಾಲಿ ಹೂತು ಕುರ್ಚಿಯೇ ಮುಂದಕ್ಕೆ ಮಗುಚಬಹುದು. ತಿರುಗಿಸಿ, ದೊಡ್ಡ ಗಾಲಿ ಮುಂದಾಗುವಂತೆ ಹಿಂದುಮುಂದಾಗಿ ಎಳೆಯಿರಿ. ಇಳಿತದ ಹೊತ್ತಿನಲ್ಲಿ ನೀರಿನಂಚಿನ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಅಲ್ಲಿ ಕುರ್ಚಿ ಸಲೀಸಾಗಿ ಓಡುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ; ಇಂದು 7ಕ್ಕೆ ಇದ್ದರೆ ನಾಳೆ 7.50ರ ಹತ್ತಿರ.

ಮುಖ್ಯವಾದದ್ದು ಪಾದ. ದೀರ್ಘಕಾಲದ ಸಕ್ಕರೆ ಕಾಯಿಲೆಯಲ್ಲಿ ಅಂಗಾಲಿಗೆ ಸ್ಪರ್ಶ ಕಡಿಮೆ. ನಡು ಮಧ್ಯಾಹ್ನದ ಮರಳು 50 ಡಿಗ್ರಿ ದಾಟಿ ಸುಟ್ಟರೂ, ಚಿಪ್ಪು ಕೊಯ್ದರೂ ಗೊತ್ತಾಗದು. ಮುಚ್ಚಿದ ಚಪ್ಪಲಿ ಹಾಕಿಸಿ, ರಾತ್ರಿ ಬೆರಳ ಸಂದಿ ಸೇರಿ ಪಾದ ನೋಡಿ. ಗಾಯವಿದ್ದರೆ ಉಪ್ಪುನೀರು ತಾಗಿಸಬೇಡಿ. ಇನ್ಸುಲಿನ್ ಅನ್ನು ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಐಸ್ ಪ್ಯಾಕ್ ಇರುವ ಚೀಲದಲ್ಲಿ, ಐಸಿಗೆ ನೇರ ತಾಗದಂತೆ ಬಟ್ಟೆ ಸುತ್ತಿ ಇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಪ್ರಶ್ನೆ: ಜೆಲ್ಲಿಫಿಶ್ ತಾಗಿದರೆ ಮೂತ್ರ ಹಚ್ಚಬೇಕಂತೆ, ನಿಜವೇ? (ಬೆಳಗಾವಿ)

ಉತ್ತರ: ಸುಳ್ಳು. ಮೂತ್ರವಾಗಲಿ, ಬಾಟಲಿಯ ಸಿಹಿನೀರಾಗಲಿ ಚರ್ಮಕ್ಕಂಟಿದ ವಿಷದ ಕೋಶಗಳನ್ನು ಒಡೆಸುತ್ತದೆ, ಉರಿ ಹೆಚ್ಚುತ್ತದೆ. ಸಮುದ್ರದ ನೀರಿನಿಂದಲೇ ತೊಳೆದು, ಅಂಟಿದ ಎಳೆಗಳನ್ನು ಚಿಮಟದಿಂದ ತೆಗೆಯಿರಿ. ಉಜ್ಜಬೇಡಿ, ಮರಳು ಹಾಕಬೇಡಿ. ಆಮೇಲೆ ಚರ್ಮ ತಡೆದುಕೊಳ್ಳುವಷ್ಟು, ಅಂದರೆ 40–45 ಡಿಗ್ರಿಯ ಬಿಸಿನೀರಿನಲ್ಲಿ 20 ನಿಮಿಷವಾದರೂ ಇಡಿ. ದಡದಲ್ಲಿ ಸತ್ತು ಬಿದ್ದದ್ದೂ ಚುಚ್ಚುತ್ತದೆ, ಮಕ್ಕಳು ಮುಟ್ಟದಿರಲಿ. ಉಸಿರಾಟಕ್ಕೆ ಕಷ್ಟವಾದರೆ ತಡಮಾಡದೆ ಆಸ್ಪತ್ರೆ. ಮರಳಿನಲ್ಲಿ ಹುದುಗಿರುವ ತೊರಕೆ (ಸ್ಟಿಂಗ್‌ರೇ) ಮೀನಿನ ಮುಳ್ಳಿಗೂ ಬಿಸಿನೀರೇ ಮೊದಲ ಮದ್ದು, ಬಳಿಕ ವೈದ್ಯರು. ಆಳವಿಲ್ಲದ ನೀರಿನಲ್ಲಿ ಕಾಲೆತ್ತಿ ಇಡುವ ಬದಲು ಎಳೆದುಕೊಂಡು ನಡೆದರೆ ಅದು ತಾನೇ ಸರಿಯುತ್ತದೆ.

ಪ್ರಶ್ನೆ: ಮುಳುಗಿದವರನ್ನು ಮೇಲೆ ತಂದ ಮೇಲೆ ಹೊಟ್ಟೆ ಒತ್ತಿ ನೀರು ತೆಗೆಯಬೇಕೆ? (ರಾಯಚೂರು)

ಉತ್ತರ: ಬೇಡ. ಒತ್ತಿದರೆ ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂದು ಶ್ವಾಸಕೋಶ ಸೇರುತ್ತದೆ. ತಲೆಕೆಳಗಾಗಿ ಹಿಡಿಯುವುದೂ ತಪ್ಪು. ಉಸಿರಾಟ ಇಲ್ಲವಾದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಮೊದಲು 2ರಿಂದ 5 ಸಲ ಉಸಿರು ಕೊಡಿ. ನಂತರ ಎದೆಯ ನಡುವೆ ಎರಡೂ ಕೈಯಿಂದ 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100–120ರ ವೇಗದಲ್ಲಿ 30 ಸಲ ಒತ್ತಿ, 2 ಉಸಿರು. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಎಚ್ಚರವಾಗಿ ಎದ್ದು ಕೂತರೂ ಆಸ್ಪತ್ರೆಗೆ ತೋರಿಸಲೇಬೇಕು, ಉಸಿರಾಟದ ತೊಂದರೆ ಕೆಲವು ಗಂಟೆ ಕಳೆದ ಮೇಲೂ ಕಾಣಿಸಿಕೊಳ್ಳಬಹುದು.

ಪ್ರಶ್ನೆ: ಮಕ್ಕಳು ಮರಳಲ್ಲಿ ಗುಂಡಿ ತೋಡಿ ಆಡುತ್ತಾರೆ, ಅದರಲ್ಲಿ ತೊಂದರೆ ಇಲ್ಲವಲ್ಲ? ಮೈಗಂಟಿದ ಮರಳು ಬಿಡಿಸುವುದು ಹೇಗೆ? (ಮಂಡ್ಯ)

ಉತ್ತರ: ಗುಂಡಿ ಅತಿ ಚಿಕ್ಕ ಮಗುವಿನ ಮೊಣಕಾಲಿಗಿಂತ ಆಳ ಆಗಬಾರದು. ಒಣಗಿದ ಕೂಡಲೇ ಗೋಡೆ ಕುಸಿಯುತ್ತದೆ, ಒಳಗಿದ್ದವರನ್ನು ಕೈಯಿಂದ ಬಗೆದು ತೆಗೆಯುವಷ್ಟು ಹೊತ್ತಿರುವುದಿಲ್ಲ. ಸುರಂಗ ಬೇಡವೇ ಬೇಡ. ಏಳುವ ಮೊದಲು ಗುಂಡಿ ಮುಚ್ಚಿಸಿ. ಕಾಸರಕೋಡಿನಂಥ ಕಡೆ ಕಡಲಾಮೆಗಳು ಮೊಟ್ಟೆಯಿಡುತ್ತವೆ, ಮರಿಗಳು ನೀರಿಗೆ ಹೋಗುವ ದಾರಿಯಲ್ಲಿ ಇಂಥ ಗುಂಡಿಗೆ ಬಿದ್ದರೆ ಮೇಲೆ ಬರಲಾರವು. ಬಲೆ, ಬೇಲಿ ಕಟ್ಟಿ ಗುರುತು ಹಾಕಿದ ಗೂಡುಗಳಿಂದ ಮಕ್ಕಳನ್ನು ದೂರವಿಡಿ.

ಮರಳಿಗೆ ನೀರು ಸುರಿದಷ್ಟೂ ಅಂಟುತ್ತದೆ. ಮೈ ಆರಿದ ಮೇಲೆ ಟಾಲ್ಕಂ ಪೌಡರ್ ಉದುರಿಸಿ ಒಣ ಬಟ್ಟೆಯಿಂದ ಒರೆಸಿ, ಪುಡಿ ಪಸೆ ಹೀರಿದೊಡನೆ ಮರಳು ಉದುರುತ್ತದೆ. ಮಕ್ಕಳ ಮುಖದ ಹತ್ತಿರ ಪೌಡರ್ ಹಾರಿಸಬೇಡಿ. ಕಾರಿನ ರಿಮೋಟ್ ಕೀ ಮಾತ್ರ ದಡದಲ್ಲಿ ಕೂತವರ ಬಳಿಯೇ ಇರಲಿ. ಜೇಬಿನಲ್ಲಿಟ್ಟು ನೀರಿಗಿಳಿದರೆ ಉಪ್ಪುನೀರು ಒಳಹೊಕ್ಕು ಕೆಡುತ್ತದೆ, ಸಂಜೆ ಬಾಗಿಲೇ ತೆರೆಯುವುದಿಲ್ಲ.